ತೊಂಬತ್ತು ದಿನಗಳ ಸಹಿ ಯಾರ ಹೊಣೆ?

ನಮ್ಮ ಸಂಘದ ಭವನದ ಹಿಂಬದಿಯಲ್ಲಿ ಹೊಸದಾಗಿ ಎದ್ದು ನಿಂತಿರುವ ವಾಚನಾಲಯದ ಗೋಡೆಯ ಮೇಲೆ ಅಮೃತಶಿಲೆಯ ಫಲಕವೊಂದಿದೆ. ಅದರಲ್ಲಿ ದಾನಿಗಳ ಹೆಸರುಗಳಿವೆ. ಕಟ್ಟಡ ಸಮಿತಿಯ ಸದಸ್ಯರ ಹೆಸರುಗಳೂ ಇವೆ. ಆ ಪಟ್ಟಿಯಲ್ಲಿ ನನ್ನದೂ ಒಂದು. ಗೋಡೆಯನ್ನು ಕಟ್ಟಿದವರ ಹೆಸರು ಅಲ್ಲಿಲ್ಲ. ಅದು ಎಲ್ಲೆಡೆ ಇರುವ ರೂಢಿಯಾದ್ದರಿಂದ ನನಗೂ ಅದರಲ್ಲಿ ವಿಶೇಷವೇನೂ ಕಂಡಿರಲಿಲ್ಲ. ಆದರೆ ಆ ಕಟ್ಟಿದವರಲ್ಲಿ ಒಬ್ಬರ ಹೆಸರನ್ನು ಒಂದು ಸಾದಾ ಕಾಗದದ ಮೇಲೆ ಬರೆದು ಸಹಿ ಹಾಕಬೇಕಾದ ಸಂದರ್ಭ ಬಂದಾಗ ನಾನು ಹಿಂಜರಿದೆ. ಈ ಲೇಖನ ಆ ಹಿಂಜರಿಕೆಯಿಂದ ಹುಟ್ಟಿದ್ದು. ಇಲ್ಲಿರುವುದು ನನ್ನ ವೈಯಕ್ತಿಕ ಅಭಿಪ್ರಾಯ. ನಾನು ಕೆಲಸ ಮಾಡುವ ಇಲಾಖೆಗೂ ಇದಕ್ಕೂ ಸಂಬಂಧವಿಲ್ಲ. ಸಂಬಂಧವಿರುವುದು ನನಗೆ, ನಮ್ಮ ಸಂಘಕ್ಕೆ ಮತ್ತು ಹೊರನಾಡಿನಲ್ಲಿ ಸ್ವಂತ ಸೂರು ಕಂಡುಕೊಂಡಿರುವ ನಮ್ಮೆಲ್ಲರಿಗೆ.

2024ರ ಜನವರಿಯಿಂದ ಮೇ ತಿಂಗಳವರೆಗೆ ವಾಚನಾಲಯದ ಕೆಲಸ ನಡೆಯಿತು. ಇಟ್ಟಿಗೆ ಕೆಲಸ ಮತ್ತು ಗಿಲಾವು ಮಾಡಿದ ಗೌಂಡಿಗಳಲ್ಲಿ ಹಿರಿಯರೊಬ್ಬರು ಕಲಬುರಗಿ ಜಿಲ್ಲೆಯ ಅಫಜಲಪುರ ತಾಲ್ಲೂಕಿನವರು. ಪುಣೆಗೆ ಬಂದು ಇಪ್ಪತ್ತೆಂಟು ವರ್ಷಗಳಾಗಿವೆ. ಜುಲೈ ತಿಂಗಳ ಒಂದು ಭಾನುವಾರ ಅವರು ಪ್ಲಾಸ್ಟಿಕ್ ಚೀಲದಲ್ಲಿ ಕಾಗದಗಳನ್ನು ಇಟ್ಟುಕೊಂಡು ಸಂಘಕ್ಕೆ ಬಂದರು. ಕಟ್ಟಡ ಕಾರ್ಮಿಕರ ಕಲ್ಯಾಣ ಮಂಡಳಿಯಲ್ಲಿ ಅವರ ಹೆಸರು ನೋಂದಣಿಯಾಗಿತ್ತು. ಆ ನೋಂದಣಿಯನ್ನು ಆಗಸ್ಟ್ ತಿಂಗಳೊಳಗೆ ನವೀಕರಿಸಬೇಕಾಗಿತ್ತು. ನವೀಕರಣವಾಗಬೇಕಾದರೆ, ಹಿಂದಿನ ಹನ್ನೆರಡು ತಿಂಗಳಲ್ಲಿ ಕನಿಷ್ಠ ತೊಂಬತ್ತು ದಿನ ಕಟ್ಟಡದ ಕೆಲಸ ಮಾಡಿದ್ದಾರೆಂದು ಕೆಲಸ ಕೊಟ್ಟವರು ಬರೆದುಕೊಟ್ಟ ಪ್ರಮಾಣಪತ್ರವನ್ನು ಲಗತ್ತಿಸಬೇಕು. ನಮ್ಮ ಒಂದೇ ಕಟ್ಟಡದಲ್ಲಿ ಅವರು ನೂರಕ್ಕೂ ಹೆಚ್ಚು ದಿನ ದುಡಿದಿದ್ದರು.

"ಸಾಹೇಬ್ರ, ಇದರ ಮ್ಯಾಲ ಒಂದು ಸಹಿ ಮಾಡಿ ಶಿಕ್ಕಾ ಹಾಕಿಕೊಡ್ರಿ" ಎಂದರು. "ಕಂತ್ರಾಟದಾರರು ಮುಕಾದಮನ್ನ ಕೇಳು ಅಂತಾರ. ಮುಕಾದಮ ಊರಿಗೆ ಹೋಗ್ಯಾನ. ನೀವರ ದಿನಾ ಬಂದು ನೋಡೀರಲ್ಲರಿ ನನ್ನ."

ನಾನು ನೋಡಿದ್ದೆ. ಕಚೇರಿಗೆ ಹೋಗುವಾಗ ಒಮ್ಮೆ, ಬರುವಾಗ ಒಮ್ಮೆ ನೋಡಿದ್ದೆ. ಕಿಟಕಿಯ ಪಕ್ಕದ ಗೋಡೆ ತುಸು ಓರೆಯಾಗಿದೆಯೆಂದು ನಾನು ಅನುಮಾನಪಟ್ಟಾಗ ಅವರು ತೂಗುಗುಂಡು ಇಳಿಬಿಟ್ಟು ತೋರಿಸಿ ನನ್ನ ಬಾಯಿ ಮುಚ್ಚಿಸಿದ್ದರು. ಆದರೂ ನಾನು ಹೇಳಿದ್ದು ಇಷ್ಟು: ಕೆಲಸವನ್ನು ಗುತ್ತಿಗೆಗೆ ಕೊಡಲಾಗಿತ್ತು, ನಿಮಗೆ ಪಗಾರ ಕೊಟ್ಟವರು ನಾವಲ್ಲ, ಸಂಘದ ಮೊಹರು ಹಾಕಿದರೆ ನಾಳೆ ತೊಡಕಾದೀತು, ಗುತ್ತಿಗೆದಾರರನ್ನೇ ಇನ್ನೊಮ್ಮೆ ಕೇಳಿ ನೋಡಿ. ಮೂವತ್ತು ವರ್ಷ ಕೇಂದ್ರ ಸರಕಾರದ ಕಡತಗಳ ನಡುವೆ ಕುಳಿತವನ ಬಾಯಿಂದ ಇಂಥ ಮಾತು ಬಲು ಸರಾಗವಾಗಿ ಬರುತ್ತದೆ. ಅವರು "ಆತ್ರಿ" ಎಂದು ಕಾಗದಗಳನ್ನು ಚೀಲಕ್ಕೆ ಸೇರಿಸಿಕೊಂಡು ಹೋದರು.

ಆ ವರ್ಷದ ನವೆಂಬರ್‌ನಲ್ಲಿ, ರಾಜ್ಯೋತ್ಸವದಂದು, ವಾಚನಾಲಯದ ಉದ್ಘಾಟನೆ ನಡೆಯಿತು. ಶರಣರ ಕಾಯಕ ತತ್ತ್ವವನ್ನು ಕುರಿತು ನಾನು ಹದಿನೈದು ನಿಮಿಷ ಮಾತನಾಡಿದೆ, ಚಪ್ಪಾಳೆಯೂ ಬಿತ್ತು. ಸಮಾರಂಭ ಮುಗಿದ ಮೇಲೆ ಕುರ್ಚಿ ಎತ್ತಿಡಲು ಬಂದವರ ನಡುವೆ ಆ ಗೌಂಡಿಯೂ ಇದ್ದರು. ನಿಮ್ಮ ಕಾರ್ಡು ಏನಾಯಿತೆಂದು ಕೇಳಿದೆ. "ಅದು ಮುಗೀತ್ರಿ. ಹೊಸಾದು ಮಾಡಸು ಅಂದಾರ" ಎಂದು ಹೇಳಿ ಕುರ್ಚಿಗಳನ್ನು ಒಂದರ ಮೇಲೊಂದು ಪೇರಿಸತೊಡಗಿದರು.

ಅವರಿಗಾದ ನಷ್ಟವೆಷ್ಟೆಂಬುದು ಕಾನೂನಿನ ಪುಟಗಳನ್ನು ತಿರುವಿದ ಮೇಲೆಯೇ ನನಗೆ ಅರಿವಾದದ್ದು. ಆಧಾರ್ ಚೀಟಿಯ ಪ್ರಕಾರ ಅವರು ಹುಟ್ಟಿದ್ದು 1967ರ ಜೂನ್ 1ರಂದು. 2027ರ ಜೂನ್‌ಗೆ ಅವರಿಗೆ ಅರುವತ್ತು ತುಂಬುತ್ತದೆ. ಅರುವತ್ತು ತುಂಬುವ ದಿನಕ್ಕೆ ಮುಂಚಿನ ಮೂರು ವರ್ಷ ಅಖಂಡವಾಗಿ ಫಲಾನುಭವಿಯಾಗಿದ್ದವರು ಮಾತ್ರ ಆನಂತರದ ಸೌಲಭ್ಯಗಳಿಗೆ ಅರ್ಹರೆಂದು ಕಾನೂನು ಹೇಳುತ್ತದೆ. ಅಂದರೆ ಅವರ ಮೂರು ವರ್ಷದ ಎಣಿಕೆ ಆರಂಭವಾಗಬೇಕಾಗಿದ್ದುದು 2024ರ ಜೂನ್‌ನಲ್ಲಿ. ಅದು ಕಡಿದುಹೋದದ್ದು ಆಗಸ್ಟ್‌ನಲ್ಲಿ. ಡಿಸೆಂಬರ್‌ನಲ್ಲಿ ಹೊಸದಾಗಿ ನೋಂದಣಿಯಾಯಿತು. ಅಲ್ಲಿಂದ ಎಣಿಸಿದರೆ ಅರುವತ್ತರ ಹೊತ್ತಿಗೆ ಎರಡೂವರೆ ವರ್ಷವಷ್ಟೇ ಆಗುತ್ತದೆ. ಒಂದು ಸಹಿಯ ಜಾಗದಲ್ಲಿ ನಾನು ಕೊಟ್ಟ ಒಳ್ಳೆಯ ಸಲಹೆಯ ಬೆಲೆ ಇದು.

ಕಾನೂನು ಹೇಳಿದ್ದೇನು?

ಕಟ್ಟಡ ಕಾರ್ಮಿಕರಿಗೆ ಪ್ರತ್ಯೇಕ ಶಾಸನ ಬೇಕೆಂಬ ಚಳವಳಿಯ ಫಲವಾಗಿ 1996ರಲ್ಲಿ ಸಂಸತ್ತು ಎರಡು ಕಾನೂನುಗಳನ್ನು ಮಾಡಿತು. ಒಂದು, ಕಟ್ಟಡ ಮತ್ತು ಇತರ ನಿರ್ಮಾಣ ಕಾರ್ಮಿಕರ ಉದ್ಯೋಗ ಹಾಗೂ ಸೇವಾ ಷರತ್ತುಗಳನ್ನು ಕುರಿತದ್ದು; ಇನ್ನೊಂದು, ಅವರ ಕಲ್ಯಾಣಕ್ಕಾಗಿ ಸೆಸ್ಸು ವಸೂಲು ಮಾಡುವುದನ್ನು ಕುರಿತದ್ದು. ನಿರ್ಮಾಣ ವೆಚ್ಚದ ಶೇಕಡಾ ಒಂದರಿಂದ ಎರಡರವರೆಗೆ ಸೆಸ್ಸು ವಿಧಿಸಲು ಅವಕಾಶವಿತ್ತು. ವಿಧಿಸಿದ್ದು ಶೇಕಡಾ ಒಂದು. ಹದಿನೆಂಟರಿಂದ ಅರುವತ್ತರ ವಯೋಮಾನದ, ಹಿಂದಿನ ಹನ್ನೆರಡು ತಿಂಗಳಲ್ಲಿ ತೊಂಬತ್ತು ದಿನ ದುಡಿದ ಕಾರ್ಮಿಕರು ನೋಂದಣಿಗೆ ಅರ್ಹರು. ವರ್ಷದಲ್ಲಿ ತೊಂಬತ್ತು ದಿನ ದುಡಿಯದಿದ್ದರೆ ಫಲಾನುಭವಿಯ ಸ್ಥಾನ ತಪ್ಪುತ್ತದೆ. ಕೆಲಸದ ವೇಳೆ ಅಪಘಾತವಾಗಿ ಮಲಗಿದ ದಿನಗಳಿಗೆ ಮಾತ್ರ ವಿನಾಯಿತಿ.

ಇಷ್ಟನ್ನು ಎಲ್ಲರೂ ಹೇಳುತ್ತಾರೆ. ಯಾರೂ ಹೇಳದ ಮಾತು ಅದೇ ಕಾನೂನಿನ 13ನೆಯ ಕಲಮಿನಲ್ಲಿತ್ತು. ಮಂಡಳಿಯು ಪ್ರತಿಯೊಬ್ಬ ಫಲಾನುಭವಿಗೆ ಭಾವಚಿತ್ರವಿರುವ ಗುರುತಿನ ಚೀಟಿ ಕೊಡಬೇಕು. ಮಾಡಿದ ಕೆಲಸದ ವಿವರ ಬರೆಯಲು ಅದರಲ್ಲಿ ಸಾಕಷ್ಟು ಜಾಗವಿರಬೇಕು. ಪ್ರತಿಯೊಬ್ಬ ನಿಯೋಜಕನೂ ಆ ಕೆಲಸದ ವಿವರವನ್ನು ಚೀಟಿಯಲ್ಲಿ ನಮೂದಿಸಿ, ದೃಢೀಕರಿಸಿ, ಅದನ್ನು ಕಾರ್ಮಿಕನಿಗೆ ಹಿಂದಿರುಗಿಸಬೇಕು. 15ನೆಯ ಕಲಮಿನ ಪ್ರಕಾರ ತನ್ನಲ್ಲಿ ದುಡಿಯುವ ಫಲಾನುಭವಿಗಳ ವಹಿಯನ್ನೂ ನಿಯೋಜಕನೇ ಇಡಬೇಕು. ಬೇಡಿ ಪಡೆಯಬೇಕಾದ ಉಪಕಾರವಾಗಿ ಈ ಸಹಿಯನ್ನು ಕಾನೂನು ಕಂಡಿರಲಿಲ್ಲ. ಅದನ್ನು ಕೆಲಸ ಕೊಟ್ಟವನ ಕರ್ತವ್ಯವೆಂದು ಬರೆದಿತ್ತು. ವರ್ಷಕ್ಕೊಮ್ಮೆ ಪ್ಲಾಸ್ಟಿಕ್ ಚೀಲ ಹಿಡಿದು ಕಾರ್ಮಿಕ ಅಲೆಯುವ ಪದ್ಧತಿ ಬಂದದ್ದು ಕಚೇರಿಯ ಕಿಟಕಿಯಲ್ಲಿ, ನಮ್ಮೆಲ್ಲರ ಸಮ್ಮತಿಯಿಂದ.

ನಿಯೋಜಕ ಯಾರು? ಆ ಕಾನೂನಿನ ವ್ಯಾಖ್ಯೆಯಲ್ಲಿ ಮೊದಲು ಬರುತ್ತಿದ್ದವನು ಮಾಲೀಕ. ಗುತ್ತಿಗೆಯಲ್ಲಿ ಕೆಲಸ ನಡೆದರೆ ಗುತ್ತಿಗೆದಾರನೂ ಸೇರುತ್ತಿದ್ದ. ಹತ್ತು ಜನ ದುಡಿಯುವ ಕಡೆ ಕಾನೂನು ಅನ್ವಯಿಸುತ್ತಿತ್ತು. ನಮ್ಮ ವಾಚನಾಲಯದ ಸ್ಲ್ಯಾಬ್ ಹಾಕಿದ ದಿನ ಇಪ್ಪತ್ತಕ್ಕೂ ಹೆಚ್ಚು ಜನ ಇದ್ದರು. ಹಾಗಿರುವಾಗ "ನಾವು ಕೆಲಸ ಕೊಟ್ಟವರಲ್ಲ" ಎಂದು ಹೇಳುವ ಮೊದಲು ನಾನು ಕಾನೂನು ಓದಬೇಕಾಗಿತ್ತು. ಇನ್ನೂ ನಾಚಿಕೆಯ ಸಂಗತಿಯೆಂದರೆ, ನಕ್ಷೆ ಮಂಜೂರಾತಿಯ ಹೊತ್ತಿಗೆ ನಾವು ಕಟ್ಟಿದ ಕಾರ್ಮಿಕ ಸೆಸ್ಸಿನ ರಸೀದಿ ನಮ್ಮದೇ ಕಡತದಲ್ಲಿತ್ತು. ಆ ಗೌಂಡಿಯ ಹಿತಕ್ಕೆಂದು ಹಣ ಕಟ್ಟಲು ನಾವು ಒಪ್ಪಿದೆವು. ಅವರ ಹೆಸರು ಬರೆಯಲು ಒಪ್ಪಲಿಲ್ಲ.

ನನ್ನ ಸೇವಾ ಪುಸ್ತಕ ಮತ್ತು ಅವರ ಚೀಟಿ

ನಾನೂ ದುಡಿಮೆಗಾರನೇ. ನನ್ನ ದುಡಿಮೆಗೂ ಒಂದು ದಾಖಲೆಯಿದೆ. ಅದಕ್ಕೆ ಸೇವಾ ಪುಸ್ತಕ ಎಂದು ಹೆಸರು. ಅದನ್ನು ಇಟ್ಟುಕೊಂಡಿರುವುದು ನಾನಲ್ಲ, ನನಗೆ ಕೆಲಸ ಕೊಟ್ಟ ಕಚೇರಿ. ಪ್ರತಿ ವರ್ಷ ನನ್ನ ಸೇವೆಯನ್ನು ಪರಿಶೀಲಿಸಿ ಅದರಲ್ಲಿ ದೃಢೀಕರಿಸಬೇಕಾದವರು ಕಚೇರಿಯ ಮುಖ್ಯಸ್ಥರು. ಹದಿನೆಂಟು ವರ್ಷ ಸೇವೆ ಮುಗಿದಾಗ ಒಮ್ಮೆ, ನಿವೃತ್ತಿಗೆ ಐದು ವರ್ಷವಿರುವಾಗ ಇನ್ನೊಮ್ಮೆ, ನಿವೃತ್ತಿ ವೇತನಕ್ಕೆ ಲೆಕ್ಕಕ್ಕೆ ಬರುವ ಸೇವೆ ಎಷ್ಟೆಂದು ಕಚೇರಿಯೇ ಪರಿಶೀಲಿಸಿ ನನಗೆ ತಿಳಿಸಬೇಕೆಂಬ ನಿಯಮವಿದೆ. ನಾನು ಮಾಡಬೇಕಾದದ್ದು, ಓದಿ ನೋಡಿದ್ದೇನೆಂದು ಸಹಿ ಹಾಕುವುದು ಮಾತ್ರ. "ಈ ವರ್ಷ ನೀನು ಕಚೇರಿಗೆ ಬಂದಿದ್ದೆ ಎನ್ನುವುದಕ್ಕೆ ಸಾಕ್ಷಿ ತಾ" ಎಂದು ಮೂವತ್ತು ವರ್ಷದಲ್ಲಿ ಯಾರೂ ನನ್ನನ್ನು ಕೇಳಿಲ್ಲ. ಕೇಳಿದ್ದರೆ ನನ್ನಂಥವರ ಸಂಘಟನೆಗಳು ಸುಮ್ಮನಿರುತ್ತಿದ್ದವೇ?

ನಿವೃತ್ತರಾದ ಹಿರಿಯರು ಪ್ರತಿ ನವೆಂಬರ್‌ನಲ್ಲಿ ತಾವು ಬದುಕಿದ್ದೇವೆಂದು ಪ್ರಮಾಣ ಕೊಡಬೇಕಾದ ಕಿರಿಕಿರಿಯನ್ನು ಕುರಿತು ನಾವು ಎಷ್ಟು ಹಾಸ್ಯ ಮಾಡಿದ್ದೇವೆ, ಎಷ್ಟು ಗೊಣಗಿದ್ದೇವೆ! 2014ರಲ್ಲಿ ಅದಕ್ಕೆ ಬೆರಳಚ್ಚಿನ ಸುಲಭ ವ್ಯವಸ್ಥೆಯೂ ಬಂತು. ಬದುಕಿರುವುದಕ್ಕೆ ಪುರಾವೆಯಾಗಿ ಬದುಕಿರುವ ಮೈಯೇ ಸಾಕು. ಆದರೆ ದುಡಿದದ್ದಕ್ಕೆ ಪುರಾವೆಯಾಗಿ ದುಡಿದ ಗೋಡೆ ಸಾಲದು. ಆ ಪುರಾವೆ ಇನ್ನೊಬ್ಬನ ಮರ್ಜಿಯಲ್ಲಿದೆ. ಆ ಇನ್ನೊಬ್ಬನಿಗೆ ಅದನ್ನು ಕೊಡದಿರುವುದರಲ್ಲೇ ಲಾಭವಿದೆ.

ಆ ಲಾಭವನ್ನು ಸ್ಪಷ್ಟವಾಗಿ ಹೇಳಬೇಕು. ತೊಂಬತ್ತು ದಿನದ ಪ್ರಮಾಣಪತ್ರಕ್ಕೆ ಸಹಿ ಹಾಕಿದ ಕ್ಷಣ, ಈ ಮನುಷ್ಯ ನನ್ನಲ್ಲಿ ಕೆಲಸ ಮಾಡಿದ ಎಂದು ಗುತ್ತಿಗೆದಾರ ಬರೆದುಕೊಟ್ಟಂತಾಗುತ್ತದೆ. ನಾಳೆ ಅದೇ ಕಾಗದ ಭವಿಷ್ಯ ನಿಧಿಯ ಲೆಕ್ಕಕ್ಕೆ, ಕನಿಷ್ಠ ವೇತನದ ತಕರಾರಿಗೆ, ಸಾರವೆಯಿಂದ ಬಿದ್ದವನ ಪರಿಹಾರದ ದಾವೆಗೆ ಸಾಕ್ಷಿಯಾದೀತು. ಆದ್ದರಿಂದ ಗುತ್ತಿಗೆದಾರ ಮುಕಾದಮನತ್ತ ಬೆರಳು ತೋರಿಸುತ್ತಾನೆ, ಮುಕಾದಮ ಊರಿಗೆ ಹೋಗಿರುತ್ತಾನೆ, ಮಾಲೀಕ ನನ್ನ ಹಾಗೆ ಸಲಹೆ ಕೊಡುತ್ತಾನೆ. ಸಹಿ ಹಾಕದಿದ್ದುದಕ್ಕೆ ಇವರಲ್ಲಿ ಯಾರಿಗೂ ಏನೂ ಆಗುವುದಿಲ್ಲ. ಸ್ಥಾನ ಕಳೆದುಕೊಳ್ಳುವವನು ಕಾರ್ಮಿಕ. ತಪ್ಪು ಮಾಡಿದವನೊಬ್ಬ, ದಂಡ ತೆರುವವನೊಬ್ಬ ಎಂಬ ಈ ವ್ಯವಸ್ಥೆಯನ್ನು "ನವೀಕರಣ" ಎಂದು ಕರೆಯುವುದು ಆ ಪದಕ್ಕೆ ಮಾಡುವ ಅಪಚಾರ.

ನನ್ನ ಪಾಲಿನ ತಪ್ಪೊಪ್ಪಿಗೆಯೂ ಇದೆ. ಕಚೇರಿಯಲ್ಲಿ ಕಾಮಗಾರಿಗಳ ಬಿಲ್ಲುಗಳು ನನ್ನ ಮೇಜಿನ ಮೇಲೆ ಹಾದುಹೋಗುತ್ತವೆ. ಪ್ರತಿ ಬಿಲ್ಲಿನಿಂದ ಶೇಕಡಾ ಒಂದರಷ್ಟು ಸೆಸ್ಸು ಕಡಿತವಾಗಿದೆಯೇ ಎಂದು ನೋಡುತ್ತೇನೆ. ಒಂದು ರೂಪಾಯಿ ಕಡಿಮೆಯಾಗಿದ್ದರೂ ಆಕ್ಷೇಪ ಬರೆಯುತ್ತೇನೆ. ಆ ಹಣ ಯಾರಿಗಾಗಿ ಕಡಿತವಾಯಿತೋ ಅವರ ಚೀಟಿಗಳಲ್ಲಿ ಕೆಲಸದ ದಿನಗಳನ್ನು ನಮೂದಿಸಿದ್ದೀರಾ ಎಂದು ಒಬ್ಬ ಗುತ್ತಿಗೆದಾರನನ್ನೂ ನಾನು ಕೇಳಿದವನಲ್ಲ.

ಹಣವಿದೆ, ಹೆಸರಿಲ್ಲ

ಇದೊಂದು ಬಿಡಿ ಪ್ರಕರಣವೆಂದು ಯಾರೂ ಭಾವಿಸಬಾರದು. 2006ರಲ್ಲಿ ದಾಖಲಾದ ಸಾರ್ವಜನಿಕ ಹಿತಾಸಕ್ತಿ ಅರ್ಜಿಯ ಮೇಲೆ ಸುಪ್ರೀಂ ಕೋರ್ಟು 2018ರ ಮಾರ್ಚ್ 19ರಂದು ತೀರ್ಪು ಕೊಟ್ಟಿತು. ನ್ಯಾಯಮೂರ್ತಿ ಮದನ್ ಲೋಕೂರ್ ಮತ್ತು ನ್ಯಾಯಮೂರ್ತಿ ದೀಪಕ್ ಗುಪ್ತಾ ಅವರ ಪೀಠ ದಾಖಲಿಸಿದ ಅಂಕಿಗಳನ್ನು ಓದುಗರು ಗಮನಿಸಬೇಕು: ಕಟ್ಟಡ ಕಾರ್ಮಿಕರಿಗಾಗಿ ಸಂಗ್ರಹವಾದದ್ದು 37,400 ಕೋಟಿ ರೂಪಾಯಿಗೂ ಹೆಚ್ಚು, ಬಳಕೆಯಾದದ್ದು ಸುಮಾರು 9,500 ಕೋಟಿ. ಉಳಿದದ್ದು ಯಾಕೆ ಉಳಿಯಿತು? ಕಾರಣಗಳು ಹಲವು. ಆದರೆ ಹಣ ಪಡೆಯಬೇಕಾದವನನ್ನು ವರ್ಷ ವರ್ಷವೂ ಪಟ್ಟಿಯಿಂದ ಕಳಚಿಹೋಗುವಂತೆ ಮಾಡುವ ವ್ಯವಸ್ಥೆಯಲ್ಲಿ ಹಣ ಉಳಿಯುವುದು ಆಶ್ಚರ್ಯವೇನಲ್ಲ.

2020ರ ಮಾರ್ಚ್ ತಿಂಗಳನ್ನು ನೆನಪಿಸಿಕೊಳ್ಳಿ. ಲಾಕ್‌ಡೌನ್ ಘೋಷಣೆಯಾದ ಆ 24ರಂದು, ಸೆಸ್ಸಿನ ನಿಧಿಯಿಂದ ಕಟ್ಟಡ ಕಾರ್ಮಿಕರ ಖಾತೆಗೆ ನೇರವಾಗಿ ಹಣ ಜಮಾ ಮಾಡುವಂತೆ ಕೇಂದ್ರ ಕಾರ್ಮಿಕ ಸಚಿವಾಲಯ ರಾಜ್ಯಗಳಿಗೆ ಸಲಹೆ ಮಾಡಿತು. ನಿಧಿಯಲ್ಲಿ ಸುಮಾರು 52,000 ಕೋಟಿ ರೂಪಾಯಿ ಇದೆಯೆಂದೂ ನೋಂದಾಯಿತ ಕಾರ್ಮಿಕರು ಸುಮಾರು ಮೂರೂವರೆ ಕೋಟಿಯೆಂದೂ ಹೇಳಿತು. ಸದುದ್ದೇಶದ ಕ್ರಮ. ಆದರೆ ಆ ಹಣ ಹೋಗಬಹುದಾಗಿದ್ದುದು ಪಟ್ಟಿಯಲ್ಲಿ ಜೀವಂತವಾಗಿದ್ದ ಹೆಸರುಗಳಿಗೆ. ಅದೇ ವಾರಗಳಲ್ಲಿ ಪುಣೆಯಿಂದ ಸೋಲಾಪುರದ ರಸ್ತೆ ಹಿಡಿದು, ಇಂಡಿ, ಸಿಂದಗಿ, ಅಫಜಲಪುರ, ಸುರಪುರಗಳ ದಿಕ್ಕಿಗೆ ತಲೆಯ ಮೇಲೆ ಗಂಟು ಹೊತ್ತು ಹೊರಟವರನ್ನು ನಾವು ಬಾಲ್ಕನಿಗಳಿಂದ ಕಂಡೆವು. ಸಂಘದಿಂದ ಊಟದ ಪೊಟ್ಟಣಗಳನ್ನೂ ಕೊಟ್ಟೆವು. ಅವರಲ್ಲಿ ಎಷ್ಟು ಜನರ ಚೀಟಿ ಒಂದು ಸಹಿಯಿಲ್ಲದೆ ಸತ್ತುಹೋಗಿತ್ತೆಂದು ಆಗ ನಮಗೆ ಕೇಳಬೇಕೆನಿಸಲಿಲ್ಲ.

ಆಕ್ಷೇಪಗಳು

ಈ ವಿಚಾರವನ್ನು ಸಂಘದ ಮಿತ್ರರ ಮುಂದಿಟ್ಟಾಗ ಕೇಳಿಬಂದ ಆಕ್ಷೇಪಗಳಿಗೆ ಉತ್ತರಿಸುವುದು ನನ್ನ ಕರ್ತವ್ಯ.

ಮೊದಲನೆಯದು, ನಕಲಿ ಕಾರ್ಡುಗಳ ಹಾವಳಿ. ಕರಣೆ ಹಿಡಿದು ಗೊತ್ತಿಲ್ಲದವರೂ ಕಾರ್ಮಿಕರೆಂದು ನೋಂದಾಯಿಸಿಕೊಂಡು ಸೌಲಭ್ಯ ಪಡೆಯುತ್ತಿದ್ದಾರೆ, ಆದ್ದರಿಂದ ನವೀಕರಣ ಕಠಿಣವಾಗಿಯೇ ಇರಬೇಕು ಎಂಬ ವಾದ. ನಕಲಿಗಳಿರುವುದು ನಿಜ. ಆದರೆ ಅವರಲ್ಲಿ ಇಲ್ಲದಿರುವುದು ಕೆಲಸ. ಸಹಿ ಅವರ ಬಳಿ ಇದ್ದೇ ಇರುತ್ತದೆ. ನಿಜವಾದ ಗೌಂಡಿಯ ಬಳಿ ಕೆಲಸವಿದೆ, ಸಹಿಯಿಲ್ಲ. ದುಡಿದ ಸ್ಥಳದಿಂದ ಸಹಿಯನ್ನು ಬೇರ್ಪಡಿಸಿ ಅದನ್ನೊಂದು ಬಿಡಿ ಕಾಗದವಾಗಿಸಿದ ದಿನವೇ ಅದು ದಲ್ಲಾಳಿಯ ಸರಕಾಯಿತು. ಕಾಗದವನ್ನು ಕಠಿಣಗೊಳಿಸಿದಷ್ಟೂ ದಲ್ಲಾಳಿಯ ದರ ಏರುತ್ತದೆಯೇ ಹೊರತು ನಕಲಿ ನಿಲ್ಲುವುದಿಲ್ಲ. ಸೆಸ್ಸು ಕಟ್ಟಿದ ಕಟ್ಟಡದ ಹಾಜರಿ ವಹಿಯಿಂದಲೇ ದಿನಗಳ ಲೆಕ್ಕ ಬರುವಂತಾದರೆ ನಕಲಿಗೆ ಜಾಗವೆಲ್ಲಿ?

ಎರಡನೆಯದು, ಈ ಜನ ಒಂದೆಡೆ ನಿಲ್ಲುವುದಿಲ್ಲ ಎಂಬ ದೂರು. ಇಂದು ವಾರಜೆ, ನಾಳೆ ಹಿಂಜೇವಾಡಿ, ನಾಡಿದ್ದು ವಾಘೋಲಿ. ಮುಂಜಾನೆ ನಾಕಾದಲ್ಲಿ ನಿಂತು ಕರೆದವರ ಹಿಂದೆ ಹೋಗುವವರಿಗೆ ತೊಂಬತ್ತು ದಿನವನ್ನು ಯಾವ ಒಬ್ಬ ನಿಯೋಜಕ ದೃಢೀಕರಿಸಬೇಕು? ಒಬ್ಬನೇ ದೃಢೀಕರಿಸಬೇಕಾಗಿಲ್ಲ. ಇದಕ್ಕಾಗಿಯೇ 1996ರ ಕಾನೂನು ಚೀಟಿಯಲ್ಲಿ ಜಾಗ ಬಿಡಿಸಿತ್ತು. ಹದಿನೈದು ದಿನ ಕೆಲಸ ಕೊಟ್ಟವನು ಹದಿನೈದು ದಿನವೆಂದು ಬರೆಯಲಿ; ಅಂಥ ಆರು ನಮೂದುಗಳಿದ್ದರೆ ತೊಂಬತ್ತು. ಅಲೆಯುವುದು ಆ ಕಸುಬಿನ ಸ್ವಭಾವವೇ ಹೊರತು ಕಾರ್ಮಿಕನ ಅಪರಾಧವಲ್ಲ. ಕಟ್ಟಡ ಮುಗಿದ ಮೇಲೆ ಕಟ್ಟಿದವನು ಅಲ್ಲೇ ಇರಲು ನಾವು ಬಿಡುತ್ತೇವೆಯೇ?

ಮೂರನೆಯದು, ಹೊಸ ಕಾನೂನು ಬಂದಿದೆ, ಎಲ್ಲವೂ ಸರಿಹೋಗುತ್ತದೆ ಎಂಬ ಸಮಾಧಾನ. 2020ರ ಕಾರ್ಮಿಕ ಸಂಹಿತೆಗಳು 2025ರ ನವೆಂಬರ್ 21ರಿಂದ ಜಾರಿಗೆ ಬಂದಿವೆ; 1996ರ ಕಾನೂನುಗಳು ಅವುಗಳಲ್ಲಿ ಲೀನವಾಗಿವೆ. ಒಂದು ರಾಜ್ಯದಿಂದ ಇನ್ನೊಂದಕ್ಕೆ ಹೋದ ಕಟ್ಟಡ ಕಾರ್ಮಿಕನಿಗೆ ಹೋದ ಕಡೆಯಲ್ಲೇ ಸೆಸ್ಸು ನಿಧಿಯ ಸೌಲಭ್ಯ ದೊರೆಯುವಂತೆ ಯೋಜನೆ ಮಾಡಬೇಕೆಂದು ಹೊಸ ಸಂಹಿತೆ ಹೇಳುತ್ತದೆ. ಅದು ಸ್ವಾಗತಾರ್ಹ. ಆದರೆ ತೊಂಬತ್ತು ದಿನದ ಷರತ್ತು ಹಾಗೆಯೇ ಮುಂದುವರಿದಿದೆ. ಹೊಸ ಸಂಹಿತೆಗಳಲ್ಲಿ, ತಾನು ಕಟ್ಟಬೇಕಾದ ಸೆಸ್ಸು ಎಷ್ಟೆಂಬುದನ್ನು ನಿಯೋಜಕ ತಾನೇ ಲೆಕ್ಕಹಾಕಿ ಕಟ್ಟಬಹುದು; ಅದಕ್ಕೆ ಸ್ವಯಂ ನಿರ್ಧಾರಣೆ ಎಂದು ಹೆಸರು. ಕೋಟಿಗಟ್ಟಲೆಯ ವೆಚ್ಚದ ವಿಷಯದಲ್ಲಿ ಮೊದಲು ನಂಬುವುದು ಕಟ್ಟಿಸಿದವನ ಮಾತನ್ನು. ನಾನು ಕಂಡ ಕಿಟಕಿಯಲ್ಲಿ, ತೊಂಬತ್ತು ದಿನ ಇಟ್ಟಿಗೆ ಇಟ್ಟೆ ಎಂದು ಕಟ್ಟಿದವನು ಹೇಳಿದರೆ ನಂಬಿಕೆಯಿಲ್ಲ, ಇನ್ನೊಬ್ಬನ ಸಹಿ ಬೇಕು. ಕಿಟಕಿಯ ಜಾಗದಲ್ಲಿ ಗಣಕಯಂತ್ರ ಬಂದರೂ, ಈತ ದುಡಿದನೆಂದು ಯಂತ್ರಕ್ಕೆ ಹೇಳಬೇಕಾದವರು ಯಾರು ಎಂಬ ಪ್ರಶ್ನೆ ಉಳಿದೇ ಉಳಿಯುತ್ತದೆ.

ನಾಲ್ಕನೆಯದು ನನ್ನನ್ನು ಹೆಚ್ಚು ನೋಯಿಸಿದ ಆಕ್ಷೇಪ: ನಮ್ಮದು ಸಾಂಸ್ಕೃತಿಕ ಸಂಸ್ಥೆ, ಕಾರ್ಮಿಕ ಸಂಘಟನೆಯಲ್ಲ. ನಾಡಹಬ್ಬ, ನಾಟಕ, ಯಕ್ಷಗಾನ, ಮಕ್ಕಳಿಗೆ ಕನ್ನಡ ತರಗತಿ, ಇಷ್ಟು ನಮ್ಮ ವ್ಯಾಪ್ತಿ. ಹಾಗಾದರೆ ಕನ್ನಡವೆಂದರೆ ಯಾವುದು? ಈ ನಗರದಲ್ಲಿ ದಿನದ ಹೆಚ್ಚು ಹೊತ್ತು ಕನ್ನಡ ಮಾತನಾಡುವವರು ನಾವಲ್ಲ, ನಮ್ಮ ಮಕ್ಕಳಂತೂ ಅಲ್ಲ. ತಗಡಿನ ಶೆಡ್ಡುಗಳಲ್ಲಿ, ಸೆಂಟ್ರಿಂಗ್ ಹಲಗೆಗಳ ನಡುವೆ, ಬುಟ್ಟಿ ಕೈಬದಲಾಯಿಸುವ ಸಾಲಿನಲ್ಲಿ ಕನ್ನಡ ಬೆಳಗಿನಿಂದ ಸಂಜೆಯವರೆಗೆ ಕೇಳಿಸುತ್ತದೆ. ಅವರು ನಮ್ಮ ಜನಗಣತಿಯ ಬಲಕ್ಕೆ ಬೇಕು, ಸದಸ್ಯತ್ವದ ವಹಿಗೆ ಬೇಡವೇ?

ಭಾಷೆಯ ಮಾತು ಬಂದದ್ದರಿಂದ ಇನ್ನೊಂದು ಸಂಗತಿ. 1979ರಲ್ಲಿ ಅಂತರರಾಜ್ಯ ವಲಸೆ ಕಾರ್ಮಿಕರ ಕಾನೂನು ಬಂತು. ಅದೂ ಈಗ ಸಂಹಿತೆಯೊಳಗೆ ಸೇರಿದೆ. ಬೇರೆ ರಾಜ್ಯದಿಂದ ಕರೆತಂದ ಪ್ರತಿಯೊಬ್ಬ ಕಾರ್ಮಿಕನಿಗೂ ಗುತ್ತಿಗೆದಾರ ಭಾವಚಿತ್ರವಿರುವ ಪಾಸ್‌ಬುಕ್ಕು ಕೊಡಬೇಕೆಂದು ಅದರ 12ನೆಯ ಕಲಮು ವಿಧಿಸಿತ್ತು. ಕೆಲಸದ ಸ್ಥಳ, ಅವಧಿ, ವೇತನದ ದರ, ಕಡಿತಗಳು ಅದರಲ್ಲಿರಬೇಕು. ಅವನ್ನು ಹಿಂದಿ ಮತ್ತು ಇಂಗ್ಲಿಷ್ ಜತೆಗೆ ಕಾರ್ಮಿಕನ ಸ್ವಂತ ಭಾಷೆಯಲ್ಲೂ ಬರೆಯಬೇಕು. ಅಂದರೆ ಕಲಬುರಗಿಯಿಂದ ಮುಂಗಡ ಕೊಟ್ಟು ಪುಣೆಗೆ ಕರೆತಂದವನಿಗೆ ಕನ್ನಡದಲ್ಲಿ ಬರೆದ ಪುಸ್ತಕ ಕೊಡಬೇಕೆಂದು ಭಾರತದ ಕಾನೂನೇ ಹೇಳಿತ್ತು. ಹೊರನಾಡಿನಲ್ಲಿ ಕನ್ನಡಕ್ಕೆ ಶಾಸನಬದ್ಧ ಸ್ಥಾನವಿಲ್ಲವೆಂದು ಎಷ್ಟೊಂದು ಠರಾವುಗಳನ್ನು ಮಾಡಿದ ನಾವು, ಶಾಸನವೇ ಕೊಟ್ಟಿದ್ದ ಈ ಸ್ಥಾನವನ್ನು ಕೇಳಲಿಲ್ಲ. ಮುಕಾದಮನಿಂದ ಮುಂಗಡ ಪಡೆದು ಬಂದ ಹಲವರನ್ನು ನಾನು ವಿಚಾರಿಸಿದೆ; ಅಂಥ ಪುಸ್ತಕವನ್ನು ಕಂಡವರು ಒಬ್ಬರೂ ಸಿಗಲಿಲ್ಲ. ನವೀಕರಣದ ಅರ್ಜಿ ಮರಾಠಿಯಲ್ಲಿದೆ ಎಂಬುದರ ಬಗ್ಗೆ ನನಗೆ ದೂರಿಲ್ಲ. ಅದು ಈ ರಾಜ್ಯದ ಭಾಷೆ. ಆದರೆ ಅದನ್ನು ಓದಿ ತುಂಬಿಕೊಡಬಲ್ಲ ಕನ್ನಡಿಗರು ನಮ್ಮ ಸಂಘದಲ್ಲಿ ನೂರಾರು ಜನರಿದ್ದಾರೆ ಎಂಬುದು ನನ್ನ ದೂರು.

ಆಗಬೇಕಾದದ್ದು

ದೂರಿ ಮುಗಿಸುವುದು ನನ್ನ ಉದ್ದೇಶವಲ್ಲ. ನಾಲ್ಕು ಸಲಹೆಗಳನ್ನು ಮುಂದಿಡುತ್ತೇನೆ.

ಸರಕಾರಗಳಿಗೆ: ತೊಂಬತ್ತು ದಿನದ ಪುರಾವೆಯ ಭಾರವನ್ನು ಕಾರ್ಮಿಕನ ಹೆಗಲಿನಿಂದ ಇಳಿಸಿ ನಿಯೋಜಕನ ಮೇಲೆ ಹಾಕಬೇಕು. ಸೆಸ್ಸಿನ ಅಂತಿಮ ಲೆಕ್ಕ ಕೊಡುವಾಗ ಯಾರು ಎಷ್ಟು ದಿನ ದುಡಿದರೆಂಬ ಪಟ್ಟಿಯನ್ನೂ ಕೊಡಲಿ. ಪಟ್ಟಿಯಿಲ್ಲದೆ ಕಟ್ಟಡ ಪೂರ್ಣಗೊಂಡ ಪ್ರಮಾಣಪತ್ರವಾಗಲಿ, ಸರಕಾರಿ ಕಾಮಗಾರಿಯ ಕೊನೆಯ ಬಿಲ್ಲಾಗಲಿ ಸಿಗಬಾರದು. ಆ ಪಟ್ಟಿಯೇ ನವೀಕರಣವಾಗಲಿ. ನಿಯೋಜಕನ ಲೋಪದಿಂದ ಯಾರ ಚೀಟಿಯೂ ಸಾಯಬಾರದು.

ನಮ್ಮ ನಡುವಿನ ಗುತ್ತಿಗೆದಾರರಿಗೆ, ಬಿಲ್ಡರುಗಳಿಗೆ, ವಾಸ್ತುಶಿಲ್ಪಿಗಳಿಗೆ: ಸ್ಮರಣ ಸಂಚಿಕೆಗೆ ನೀವು ಕೊಡುವ ಜಾಹೀರಾತಿಗಿಂತ ನಿಮ್ಮ ಕೆಲಸಗಾರರ ಚೀಟಿಯ ಮೇಲಿನ ನಿಮ್ಮ ಸಹಿ ಕನ್ನಡಕ್ಕೆ ದೊಡ್ಡ ಸೇವೆ. ಇನ್ನು ಮುಂದೆ ದೇಣಿಗೆ ಕೇಳಲು ಬಂದಾಗ ಈ ಪ್ರಶ್ನೆಯನ್ನೂ ನಾವು ಕೇಳುತ್ತೇವೆ, ಕೇಳಬೇಕು.

ಮನೆ ಕಟ್ಟಿಸುವ, ರಿಪೇರಿ ಮಾಡಿಸುವ ನಮ್ಮಂಥ ನೌಕರದಾರರಿಗೆ: ಕೊನೆಯ ಕಂತು ಕೊಡುವ ಮುನ್ನ, ದುಡಿದವರ ಹೆಸರು ಮತ್ತು ದಿನಗಳನ್ನು ಬರೆಸಿ ಗುತ್ತಿಗೆದಾರರ ಸಹಿ ಪಡೆಯಿರಿ, ಪಕ್ಕದಲ್ಲಿ ನಿಮ್ಮ ಸಹಿಯನ್ನೂ ಹಾಕಿ. ಟೈಲ್ಸಿನ ಬಣ್ಣಕ್ಕೆ ಮೂರು ಅಂಗಡಿ ತಿರುಗುವ ನಮಗೆ ಇದಕ್ಕೆ ಬೇಕಾಗುವ ಹೊತ್ತು ಹೆಚ್ಚೇನಲ್ಲ.

ಸಂಘಕ್ಕೆ: ತಿಂಗಳ ಮೊದಲ ಭಾನುವಾರ ವಾಚನಾಲಯದಲ್ಲಿ ಒಂದು ಮೇಜು, ಎರಡು ಕುರ್ಚಿ. ನಿವೃತ್ತ ಸದಸ್ಯರು ಅರ್ಜಿ ತುಂಬಿಕೊಡಲಿ. ಒಂದು ವಹಿಯಲ್ಲಿ ಪ್ರತಿಯೊಬ್ಬರ ನವೀಕರಣದ ದಿನಾಂಕ ಬರೆದಿಟ್ಟು ಎರಡು ತಿಂಗಳು ಮುಂಚಿತವಾಗಿ ಫೋನು ಮಾಡಿ ನೆನಪಿಸಲಿ. ಸಂಘದ ಕಟ್ಟಡದಲ್ಲಿ ಯಾವುದೇ ದುರಸ್ತಿ ನಡೆದರೂ ದುಡಿದವರ ದಿನಗಳ ಲೆಕ್ಕ ಸಂಘದ ಕಡತದಲ್ಲಿರಲಿ.

ಇದೆಲ್ಲ ಕಾರ್ಯಸಾಧ್ಯವೇ ಎಂದು ಕೇಳುವವರಿಗೆ ನನ್ನ ಅನುಭವವನ್ನೇ ಹೇಳುತ್ತೇನೆ. 2024ರ ಡಿಸೆಂಬರ್‌ನಲ್ಲಿ ಆ ಗೌಂಡಿಯ ಹೊಸ ನೋಂದಣಿಗೆ ಬೇಕಾದ ಪ್ರಮಾಣಪತ್ರಕ್ಕೆ ಕಟ್ಟಡ ಸಮಿತಿಯ ಪರವಾಗಿ ನಾನೇ ಸಹಿ ಹಾಕಿ ಮೊಹರು ಒತ್ತಿದೆ. ಹತ್ತು ನಿಮಿಷ ಹಿಡಿಯಿತು. ಯಾವ ತೊಡಕೂ ಬರಲಿಲ್ಲ. ಅವರು ಕಾಗದವನ್ನು ಬೆಳಕಿಗೆ ಹಿಡಿದು ನೋಡಿ, "ಜುಲೈದಾಗೂ ಇಷ್ಟ ಇತ್ತಲ್ರಿ ಕೆಲಸಾ" ಎಂದರು. ಅದರಲ್ಲಿ ಸಿಟ್ಟಿರಲಿಲ್ಲ. ಉತ್ತರ ನನ್ನಲ್ಲೂ ಇರಲಿಲ್ಲ.

ಮುಂದಿನ ವಾರ್ಷಿಕ ಸಭೆಯಲ್ಲಿ ಈ ಸಲಹೆಗಳನ್ನು ಗೊತ್ತುವಳಿಯಾಗಿ ಮಂಡಿಸಲಿದ್ದೇನೆ. ವಿರೋಧಿಸುವವರು ಅವಶ್ಯವಾಗಿ ಬಂದು ವಿರೋಧಿಸಲಿ, ಚರ್ಚೆಯಾಗಲಿ. ಸಭೆ ನಡೆಯುವುದು ಹೊಸ ವಾಚನಾಲಯದಲ್ಲಿ.